ಇಟಲಿ, ಆಸ್ಟ್ರಿಯಾಕ್ಕೆ ಹೊರಟವರಿಗೆ: ಹೋಟೆಲಿಗೆ ಕಾರ್ಡ್ ಸಂಖ್ಯೆ ಕೊಡುವ ಮುನ್ನ

ಫೆಬ್ರುವರಿಯ ಒಂದು ರಾತ್ರಿ, ಒಂಬತ್ತೂವರೆ ಗಂಟೆ. ಊಟ ಮುಗಿದು ಅಡುಗೆಮನೆಯ ಕಟ್ಟೆ ಒರೆಸುತ್ತಿದ್ದೆ. ನಡುಮನೆಯಿಂದ ನಮ್ಮವರು ಕೂಗಿದರು: "ಫ್ಲಾರೆನ್ಸಿನ ಹೋಟೆಲಿನವರು ಕಾರ್ಡ್ ವಿವರ ಮತ್ತೆ ಕೇಳುತ್ತಿದ್ದಾರೆ. ಹನ್ನೆರಡು ಗಂಟೆಯೊಳಗೆ ಕೊಡದಿದ್ದರೆ ಕೋಣೆ ರದ್ದಂತೆ. ನಿನ್ನ ಕಾರ್ಡ್ ಇಲ್ಲೇ ಇದೆ, ತುಂಬಿಬಿಡುತ್ತೇನೆ." ನಾನು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಅವರು ತುಂಬಿ ಆಗಿತ್ತು. ಮರುಕ್ಷಣವೇ ನನ್ನ ಮೊಬೈಲಿಗೆ ಬ್ಯಾಂಕಿನ ಸಂದೇಶ ಬಂತು. 1,187 ಯೂರೋ ಪಾವತಿಯ ಕೋರಿಕೆ ಬಂದಿತ್ತು, ಕಾರ್ಡಿನ ಅಂತರರಾಷ್ಟ್ರೀಯ ಬಳಕೆ ಸ್ಥಗಿತವಾಗಿರುವುದರಿಂದ ನಿರಾಕರಿಸಲಾಗಿದೆ ಎಂದಿತ್ತು. ಫ್ಲಾರೆನ್ಸಿನಲ್ಲಿ ನಾವು ಹಿಡಿದಿದ್ದ ಕೋಣೆಗೆ ಮೂರು ರಾತ್ರಿಗೆ 412 ಯೂರೋ. ಹಾಗಾದರೆ ಈ 1,187 ಎಲ್ಲಿಂದ ಬಂತು?

ಆ ರಾತ್ರಿ ನಮ್ಮನ್ನು ಕಾಪಾಡಿದ್ದು ಬ್ಯಾಂಕಿನ ಆ್ಯಪ್‌ನಲ್ಲಿರುವ ಒಂದು ಪುಟ್ಟ ಸ್ವಿಚ್. ಅದನ್ನು ನಾಲ್ಕು ದಿನ ಹಿಂದೆಯಷ್ಟೇ ಆರಿಸಿಟ್ಟಿದ್ದೆ. ಇಟಲಿ, ಆಸ್ಟ್ರಿಯಾ ಕಡೆಗೆ ಹೊರಡುವ ಯೋಚನೆಯಲ್ಲಿರುವವರು ರೋಮಿನ ಪುರಾತನ ಕಟ್ಟಡಗಳ ಬಗ್ಗೆ ಎಲ್ಲಿ ಬೇಕಾದರೂ ಓದಿಕೊಳ್ಳಬಹುದು. ನಾನು ಈ ಸ್ವಿಚ್ಚಿನ ಬಗ್ಗೆ ಬರೆಯುತ್ತೇನೆ.

ನಾವು ಮೂವರು ಹೊರಟಿದ್ದೆವು: ನಾನು, ನಮ್ಮವರು, ನಮ್ಮ ಅತ್ತೆ. ರೋಮ್, ಫ್ಲಾರೆನ್ಸ್, ವೆನಿಸ್, ಅಲ್ಲಿಂದ ರೈಲಿನಲ್ಲಿ ಬ್ರೆನ್ನರ್ ಕಣಿವೆ ದಾಟಿ ಇನ್ಸ್‌ಬ್ರುಕ್, ಆಮೇಲೆ ಹಾಲ್‌ಸ್ಟಾಟ್, ಕೊನೆಗೆ ಸಾಲ್ಜ್‌ಬರ್ಗ್. ಆರು ಊರು, ಆರು ಹೋಟೆಲು, ಹದಿಮೂರು ರಾತ್ರಿ. ಪ್ರಯಾಣ ಮೇ ತಿಂಗಳಲ್ಲಿ, ಆದರೆ ಹೋಟೆಲುಗಳನ್ನು ಫೆಬ್ರುವರಿಯಲ್ಲೇ ಗೊತ್ತು ಮಾಡಬೇಕಾಯಿತು. ಕಾರಣ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಸಿಗುವ ಒಂದೇ ವೀಸಾ. ಪ್ರತಿ ರಾತ್ರಿ ಎಲ್ಲಿ ತಂಗುತ್ತೀರಿ ಎಂಬುದಕ್ಕೆ ಅರ್ಜಿಯ ಜೊತೆ ದಾಖಲೆ ಬೇಕು. ವೀಸಾ ಸಿಗುತ್ತದೋ ಇಲ್ಲವೋ ತಿಳಿಯದೆ ಪೂರ್ತಿ ಹಣ ಕಟ್ಟುವ ಧೈರ್ಯ ಯಾರಿಗಿದೆ? ಹಾಗಾಗಿ ನಮ್ಮಲ್ಲಿ ಬಹುತೇಕರು ಉಚಿತವಾಗಿ ರದ್ದು ಮಾಡಬಹುದಾದ ಕೋಣೆಗಳನ್ನೇ ಹಿಡಿಯುತ್ತಾರೆ. ಹಣವನ್ನು ಈಗ ಕೊಡುವಂತಿಲ್ಲ, ಖಾತರಿಗೆ ಕಾರ್ಡ್ ಸಂಖ್ಯೆ ಮಾತ್ರ. ಪರಿಣಾಮವೇನೆಂದರೆ, ವಿಮಾನ ಹತ್ತುವ ಮೂರು ತಿಂಗಳ ಮೊದಲೇ ನಮ್ಮ ಕಾರ್ಡಿನ ಸಂಖ್ಯೆ ಎರಡು ದೇಶಗಳ ಆರು ಹೋಟೆಲುಗಳ ಕಂಪ್ಯೂಟರುಗಳಲ್ಲಿ ಕುಳಿತಿರುತ್ತದೆ.

ಇಲ್ಲಿ ನಮ್ಮ ದೇಶದ ಅಭ್ಯಾಸವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಓಟಿಪಿ ಬಾರದೆ ಹಣ ಹೋಗದು ಎಂದು ನಾವು ನಂಬಿಕೊಂಡಿದ್ದೇವೆ. 2022ರ ಅಕ್ಟೋಬರ್‌ನಿಂದ ಇಲ್ಲಿನ ವ್ಯಾಪಾರಿಗಳು ಕಾರ್ಡ್ ಸಂಖ್ಯೆಯನ್ನು ತಮ್ಮಲ್ಲಿ ಉಳಿಸಿಕೊಳ್ಳುವಂತೆಯೂ ಇಲ್ಲ, ಅದರ ಬದಲು ಟೋಕನ್ ಎಂಬ ಬದಲಿ ಸಂಕೇತ ಬಳಸಬೇಕು. ಹೊರದೇಶದ ಹೋಟೆಲಿಗೆ ಈ ನಿಯಮ ಅನ್ವಯಿಸದು. ಅಲ್ಲಿನ ಸ್ವಾಗತಕಾರರು ಕಾರ್ಡ್ ಸಂಖ್ಯೆ ಮತ್ತು ಅವಧಿ ಮುಗಿಯುವ ತಿಂಗಳನ್ನು ಯಂತ್ರದಲ್ಲಿ ಒತ್ತಿ, ಓಟಿಪಿ ಇಲ್ಲದೆ, ಎಷ್ಟೋ ಸಲ ಹಿಂಬದಿಯ ಮೂರಂಕಿಯ ಸಿವಿವಿಯೂ ಇಲ್ಲದೆ ಹಣ ಪಡೆಯಬಲ್ಲರು. ನಮ್ಮ ಆರು ಹೋಟೆಲುಗಳಲ್ಲಿ ನಾಲ್ಕು ಹೀಗೆಯೇ ಹಣ ತೆಗೆದುಕೊಂಡವು. ಅದು ಮೋಸವಲ್ಲ, ಆ ವ್ಯವಸ್ಥೆ ಇರುವುದೇ ಹಾಗೆ. ಆದರೆ ಅದೇ ಸಂಖ್ಯೆ ಬೇರೆಯವರ ಕೈಗೆ ಬಿದ್ದರೆ ಅವರಿಗೂ ಓಟಿಪಿಯ ಅಡ್ಡಿ ಇರದೇ ಹೋಗಬಹುದು.

ಹಾಗಾಗಿ ಸಂಖ್ಯೆಯನ್ನು ಗುಟ್ಟಾಗಿಡುವ ಆಸೆಯನ್ನು ನಾನು ಕೈಬಿಟ್ಟೆ. ಆರು ಕಡೆ ಕೊಟ್ಟ ಮೇಲೆ ಅದು ಗುಟ್ಟಾಗಿ ಉಳಿಯದು. ಬೀಗದ ಕೈ ಮಾತ್ರ ನಮ್ಮ ಬಳಿಯೇ ಇರಬೇಕು.

2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಆದೇಶದಂತೆ, ಬ್ಯಾಂಕುಗಳು ಕಾರ್ಡಿನ ಅಂತರರಾಷ್ಟ್ರೀಯ ಬಳಕೆ ಹಾಗೂ ಆನ್‌ಲೈನ್ ಬಳಕೆಯನ್ನು ಹಗಲುರಾತ್ರಿ ಯಾವಾಗ ಬೇಕಾದರೂ ನಾವೇ ಚಾಲೂ ಮಾಡುವ, ನಿಲ್ಲಿಸುವ, ಮಿತಿ ಹಾಕುವ ಸೌಲಭ್ಯ ಕೊಡಲೇಬೇಕು. ಈ ಪ್ರವಾಸಕ್ಕೆಂದೇ ನಾನು 75,000 ರೂಪಾಯಿ ಮಿತಿಯ ಹಳೆಯ ಕ್ರೆಡಿಟ್ ಕಾರ್ಡೊಂದನ್ನು ಬದಿಗೆ ತೆಗೆದಿಟ್ಟೆ. ಅದರಲ್ಲಿ ಹೊರದೇಶದ ಆನ್‌ಲೈನ್ ಪಾವತಿಗೆ 40,000 ರೂಪಾಯಿಯ ಮಿತಿ ಹಾಕಿದೆ. ಮನೆಖರ್ಚಿನ ಕಾರ್ಡನ್ನು, ಸಂಬಳ ಬೀಳುವ ಖಾತೆಯ ಡೆಬಿಟ್ ಕಾರ್ಡನ್ನು ಯಾವ ಹೋಟೆಲಿಗೂ ಕೊಡಲಿಲ್ಲ. ಡೆಬಿಟ್ ಕಾರ್ಡಿನಲ್ಲಿ ಹೋಗುವುದು ನಮ್ಮದೇ ಹಣ. ದೂರು ಇತ್ಯರ್ಥವಾಗುವ ತನಕ ಖಾತೆ ಖಾಲಿ. ಕ್ರೆಡಿಟ್ ಕಾರ್ಡಿನಲ್ಲಿ ಬಿಲ್ಲು ಕಟ್ಟುವ ಮುನ್ನವೇ ತಕರಾರು ಎತ್ತಬಹುದು. ನನ್ನನ್ನು ಕೇಳಿದರೆ, ಇದೊಂದನ್ನಾದರೂ ಎಲ್ಲರೂ ಪಾಲಿಸಲಿ.

ಆದರೆ ಸ್ವಿಚ್ಚನ್ನು ಸದಾ ಆರಿಸಿಟ್ಟರೂ ಕೆಲಸ ಕೆಡುತ್ತದೆ. ರೋಮಿನ ಹೋಟೆಲಿನವರು ಬುಕಿಂಗ್ ಆದ ಮರುದಿನ ನಮ್ಮ ಕಾರ್ಡ್ ನಿಜವಾದದ್ದೇ ಎಂದು ಪರೀಕ್ಷಿಸಿದರು. ಅದಕ್ಕಾಗಿ ಸೊನ್ನೆಯನ್ನೋ ಒಂದು ಯೂರೋವನ್ನೋ ಕೋರಿ ನೋಡುವ ರೂಢಿಯಿದೆ. ಸ್ವಿಚ್ ಆರಿದ್ದರಿಂದ ಅದು ನಿರಾಕರಣೆಯಾಯಿತು. ಬುಕಿಂಗ್ ಜಾಲತಾಣದಿಂದ ಮಿಂಚಂಚೆ ಬಂತು: ಕಾರ್ಡ್ ಅಮಾನ್ಯ, 24 ಗಂಟೆಯೊಳಗೆ ಸರಿಪಡಿಸಿ. ಅದು ಅಸಲಿ ಸಂದೇಶ. ಅದಾಗಿ ಕೆಲವೇ ದಿನಗಳಲ್ಲಿ ಫ್ಲಾರೆನ್ಸಿನ ಹೆಸರಿನಲ್ಲಿ ಬಂದದ್ದು ನಕಲಿ. ಎರಡೂ ಹೆಚ್ಚುಕಡಿಮೆ ಒಂದೇ ಮಾತನ್ನು ಹೇಳುತ್ತಿದ್ದವು. ನಮ್ಮವರು ಮೋಸಹೋದದ್ದರಲ್ಲಿ ಅವರ ತಪ್ಪು ಹೆಚ್ಚಿಲ್ಲ. ನಾಲ್ಕು ದಿನ ಹಿಂದೆ ನಿಜವಾಗಿಯೇ ಇಂಥದ್ದೊಂದು ಬಂದಿತ್ತಲ್ಲ.

ನಕಲಿ ಸಂದೇಶ ಬಂದಿದ್ದಾದರೂ ಎಲ್ಲಿಂದ? ಅಪರಿಚಿತ ವಿಳಾಸದಿಂದಲ್ಲ. ನಾವು ಕೋಣೆ ಹಿಡಿದಿದ್ದ ಆ್ಯಪ್‌ನ ಒಳಗೆ, ಹೋಟೆಲಿನ ಜೊತೆ ಮೊದಲು ಮಾತಾಡಿದ್ದ ಅದೇ ಸಂಭಾಷಣೆಯ ಕೆಳಗೇ ಅದು ಬಂದಿತ್ತು. ನಮ್ಮ ಹೆಸರು, ತಾರೀಖು, ಮೊತ್ತ ಎಲ್ಲವೂ ಸರಿಯಾಗಿದ್ದವು. ವಂಚಕರು ಹೋಟೆಲಿನವರ ಪಾಸ್‌ವರ್ಡ್ ಕದ್ದು ಅವರ ಖಾತೆಗೇ ನುಗ್ಗಿದ್ದರು. ಈ ಬಗೆಯ ವಂಚನೆ ಈಗ ಲೋಕದ ಎಲ್ಲ ಕಡೆ ನಡೆಯುತ್ತಿದೆ. ಕೊಂಡಿ ಒತ್ತಿದಾಗ ತೆರೆದ ಪುಟದಲ್ಲಿ ನಮ್ಮ ಕೋಣೆಯ ಚಿತ್ರವೂ ಇತ್ತು. ಮೇಲಿನ ವಿಳಾಸವನ್ನು ಆಮೇಲೆ ಅಕ್ಷರ ಅಕ್ಷರವಾಗಿ ಓದಿದೆ. ಜಾಲತಾಣದ ಹೆಸರು ಮೊದಲಿಗೆ ಇತ್ತು, ಅದರ ಮುಂದೆ ಒಂದು ಅಡ್ಡಗೆರೆ, ಆಮೇಲೆ ಸಂಬಂಧವಿಲ್ಲದ ಇನ್ನೇನೋ ಪದ. ವಿಳಾಸದಲ್ಲಿ https:// ಆದ ಮೇಲೆ ಬರುವ ಮೊದಲ ಓರೆಗೆರೆಗಿಂತ (/) ಹಿಂದಿನ ಕೊನೆಯ ತುಣುಕು, ಅಂದರೆ ಕೊನೆಯ ಚುಕ್ಕಿಯ ಎರಡೂ ಬದಿಯ ಪದ ಸೇರಿ, ಯಾರದೋ ಅವರದೇ ಆ ಪುಟ. ಮೊಬೈಲಿನ ಕಿರಿದಾದ ಪರದೆಯಲ್ಲಿ ಆ ತುಣುಕೇ ಕಾಣುವುದಿಲ್ಲ, ಬೆರಳಿನಿಂದ ಸರಿಸಿ ನೋಡಬೇಕು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕ್ರಮ ಇಟ್ಟುಕೊಂಡೆವು. ಸಂದೇಶ ಎಲ್ಲಿಂದಲೇ ಬರಲಿ, ಅದರಲ್ಲಿರುವ ಕೊಂಡಿಯನ್ನು ಮುಟ್ಟುವುದಿಲ್ಲ. ಆ್ಯಪ್ ಮುಚ್ಚಿ, ಮತ್ತೆ ತೆರೆದು, ನಮ್ಮ ಬುಕಿಂಗ್‌ನ ಪುಟಕ್ಕೆ ಹೋಗುತ್ತೇವೆ. ಕಾರ್ಡ್ ನಿಜವಾಗಿ ಅಮಾನ್ಯವಾಗಿದ್ದರೆ ಅಲ್ಲಿಯೇ ಬರೆದಿರುತ್ತದೆ, ಬದಲಿಸುವ ಗುಂಡಿಯೂ ಅಲ್ಲಿಯೇ ಇರುತ್ತದೆ. ರೋಮಿನ ವಿಷಯದಲ್ಲಿ ಇತ್ತು, ಫ್ಲಾರೆನ್ಸಿನದರಲ್ಲಿ ಇರಲಿಲ್ಲ. ಆ ರಾತ್ರಿ ಹೋಟೆಲಿಗೂ ಕರೆ ಮಾಡಿದೆವು. ಆಗ ಅಲ್ಲಿ ಸಂಜೆ ಐದು ಗಂಟೆ. ಫೋನ್ ಎತ್ತಿದಾಕೆ ನಾವು ಮಾತು ಮುಗಿಸುವ ಮೊದಲೇ, "ದಯವಿಟ್ಟು ಹಣ ಕೊಡಬೇಡಿ, ಬೆಳಗಿನಿಂದ ಇಂಥ ಕರೆಗಳೇ ಬರುತ್ತಿವೆ" ಎಂದರು. ಅವರ ದನಿಯಲ್ಲಿ ಅಳು ಇತ್ತು.

ಹಣ ಹೋಗದಿದ್ದರೂ ಸಂಖ್ಯೆ, ಸಿವಿವಿ ಎರಡೂ ವಂಚಕರ ಕೈ ಸೇರಿದ್ದವು. ಹಾಗಾಗಿ ಅಂದೇ ಕಾರ್ಡನ್ನು ಶಾಶ್ವತವಾಗಿ ನಿಲ್ಲಿಸಿ ಹೊಸದಕ್ಕೆ ಬರೆದುಕೊಂಡೆ. ಹೊಸ ಕಾರ್ಡ್ ಬಂದ ಮೇಲೆ ಆರೂ ಬುಕಿಂಗ್‌ಗಳಲ್ಲಿ ಸಂಖ್ಯೆ ಬದಲಿಸಬೇಕು. ಒಂದನ್ನು ಮರೆತರೂ ಆ ಕೋಣೆ ಕೈತಪ್ಪಬಹುದು.

ಹೊಸ ಕಾರ್ಡ್ ಬಂದಾಗ ಅತ್ತೆಯವರ ಪಂಚಾಂಗದ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕಿದೆ: ಸಂಖ್ಯೆ ಕೊಡುವ ದಿನ ಮತ್ತು ಮರುದಿನ ಸ್ವಿಚ್ ಚಾಲೂ, ಆಮೇಲೆ ಆರಿಸುವುದು, ಮತ್ತೆ ಪ್ರತಿ ಹೋಟೆಲಿನ ಉಚಿತ ರದ್ದತಿಯ ಗಡುವು ಮುಗಿಯುವ ದಿನ ಚಾಲೂ. ಬಹಳಷ್ಟು ಹೋಟೆಲುಗಳು ಹಣ ತೆಗೆಯುವುದು ಆ ಗಡುವು ಮುಗಿದ ಮೇಲೆಯೇ. ಒಂದು ಎಚ್ಚರಿಕೆ, ಗಡುವು ಅಲ್ಲಿನ ಸಮಯದ್ದು. ಮೇ 9ರ ರಾತ್ರಿ 11:59 ಎಂದರೆ ನಮಗೆ 10ರ ಬೆಳಗಿನ ಜಾವ 3:29. ಬೇಸಿಗೆಯಲ್ಲಿ ಇಟಲಿ, ಆಸ್ಟ್ರಿಯಾ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ.

ಹಾಲ್‌ಸ್ಟಾಟಿನ ಕಥೆಯೇ ಬೇರೆ. ಸರೋವರದ ದಡದ ಆ ಊರಿಗೆ ರೈಲು ಎದುರು ದಡದವರೆಗೆ ಮಾತ್ರ. ಇಳಿದು ದೋಣಿಯಲ್ಲಿ ದಾಟಬೇಕು. ಅಲ್ಲಿ ನಾವು ಮೆಚ್ಚಿದ್ದು ಒಂದು ಕುಟುಂಬ ನಡೆಸುವ ಪುಟ್ಟ ಅತಿಥಿಗೃಹ. ಯಾವ ಜಾಲತಾಣದಲ್ಲೂ ಇರಲಿಲ್ಲ, ಮಿಂಚಂಚೆಯಲ್ಲೇ ವ್ಯವಹಾರ. ಬಹಳ ಆದರದ ಉತ್ತರ ಬಂತು, ಕೊನೆಯಲ್ಲಿ ಮಾತ್ರ, ಕಾರ್ಡಿನ ಎರಡೂ ಬದಿಯ ಫೋಟೋ ಕಳಿಸಿ ಎಂದಿತ್ತು. ಅವರಲ್ಲಿ ಕೆಟ್ಟ ಉದ್ದೇಶವಿತ್ತೆಂದು ನನಗೆ ಅನಿಸಲಿಲ್ಲ. ಆದರೆ ಆ ಅಂಚೆಪೆಟ್ಟಿಗೆಯಲ್ಲಿ ಫೋಟೋ ವರ್ಷಗಟ್ಟಲೆ ಬಿದ್ದಿರುತ್ತದೆ. ಮನೆಮಂದಿಯೆಲ್ಲ, ಋತುವಿಗೊಮ್ಮೆ ಬರುವ ಕೆಲಸದವರೆಲ್ಲ ಅದನ್ನು ತೆರೆಯುತ್ತಾರೆ. ಕಾರ್ಡ್ ಉದ್ಯಮದ ಪಿಸಿಐ ಎಂಬ ಭದ್ರತಾ ನಿಯಮಾವಳಿಯೇ ರಕ್ಷಣೆಯಿಲ್ಲದ ಮಿಂಚಂಚೆಯಲ್ಲಿ ಕಾರ್ಡ್ ಸಂಖ್ಯೆ ಕಳಿಸಬಾರದೆನ್ನುತ್ತದೆ, ಪಾವತಿಗೆ ಅನುಮತಿ ಸಿಕ್ಕ ಮೇಲೆ ವ್ಯಾಪಾರಿ ಸಿವಿವಿಯನ್ನು ಇಟ್ಟುಕೊಳ್ಳಬಾರದೆನ್ನುತ್ತದೆ. ಅರ್ಧ ಸಂಖ್ಯೆ ಮಿಂಚಂಚೆಯಲ್ಲಿ, ಇನ್ನರ್ಧ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರಾಯಿತು ಎಂದು ಪರಿಚಯದವರೊಬ್ಬರು ಹೇಳಿದರು. ಪಡೆದವರು ಎರಡನ್ನೂ ಒಂದೇ ಚೀಟಿಯಲ್ಲಿ ಬರೆದು ಮೇಜಿನ ಮೇಲಿಟ್ಟರೆ ಆ ಶ್ರಮವೆಲ್ಲ ನೀರಲ್ಲಿ ಹೋಮ.

ನಾನು ಸೌಮ್ಯವಾಗಿ ಬರೆದೆ: "ಕಾರ್ಡ್ ವಿವರವನ್ನು ಮಿಂಚಂಚೆಯಲ್ಲಿ ಕಳಿಸಲು ನನಗೆ ಧೈರ್ಯವಿಲ್ಲ. ಸುರಕ್ಷಿತ ಪಾವತಿ ಕೊಂಡಿ ಕಳಿಸುವಿರಾ? ಇಲ್ಲವಾದರೆ ಫೋನಿನಲ್ಲಿ ಸಂಖ್ಯೆ ಮತ್ತು ಅವಧಿ ಮಾತ್ರ ಹೇಳುತ್ತೇನೆ." ಎರಡು ದಿನದಲ್ಲಿ ಕೊಂಡಿ ಬಂತು. ತುಂಬುವ ಮುಂಚೆ ಫೋನ್ ಮಾಡಿ, ಈ ಕೊಂಡಿ ನೀವೇ ಕಳಿಸಿದ್ದೇ ಎಂದು ಕೇಳಿ ಖಚಿತ ಮಾಡಿಕೊಂಡೆ. ಫೋನ್ ಸಂಖ್ಯೆಯನ್ನು ಆ ಮಿಂಚಂಚೆಯಿಂದ ತೆಗೆದುಕೊಳ್ಳಲಿಲ್ಲ, ಪ್ರದೇಶದ ಪ್ರವಾಸೋದ್ಯಮ ಕಚೇರಿಯ ಜಾಲತಾಣದಿಂದ ಹುಡುಕಿದೆ. ನಾವು ಅಲ್ಲಿ ತಲುಪಿದಾಗ ಆ ಮನೆಯ ಅಜ್ಜಿ, ನಿಮ್ಮ ಪತ್ರದ ನಂತರ ಯಾರನ್ನೂ ಫೋಟೋ ಕೇಳುತ್ತಿಲ್ಲ ಎಂದರು. ಅತ್ತೆಯವರಿಗೆ ಬಿಸಿ ಹಾಲು ತಂದುಕೊಟ್ಟರು. ಕೇಳಿ ನೋಡಿ, ಸಂಕೋಚ ಬೇಡ. ಒಳ್ಳೆಯ ಆತಿಥೇಯರು ಬೇಸರಪಡುವುದಿಲ್ಲ.

ಪಾಸ್‌ಪೋರ್ಟ್ ವಿಷಯ ಬೇರೆ. ಇಟಲಿಯಲ್ಲಿ ತಂಗುವವರ ವಿವರವನ್ನು ಪೊಲೀಸರಿಗೆ ಸಲ್ಲಿಸುವುದು ಹೋಟೆಲಿನವರಿಗೆ ಕಡ್ಡಾಯ, ಆದ್ದರಿಂದ ಅದನ್ನು ಕೇಳಿದರೆ ಗಾಬರಿಯಾಗಬೇಡಿ. ಮುಂಚಿತವಾಗಿ ಫೋಟೋ ಕಳಿಸುವ ಬದಲು ಬಂದಾಗ ತೋರಿಸುತ್ತೇವೆ ಎಂದೆವು, ಎಲ್ಲರೂ ಒಪ್ಪಿದರು.

ಅಲ್ಲಿ ಹೋದ ಮೇಲೆ ಹೋಟೆಲಿನ ಮೇಜಿನಲ್ಲಿ ಕಾರ್ಡನ್ನು ಕೈಗೆ ಕೊಡಬೇಡಿ, ಯಂತ್ರವನ್ನು ನಿಮ್ಮತ್ತ ತಿರುಗಿಸಲು ಹೇಳಿ, ಪಿನ್ ನೀವೇ ಒತ್ತಿ. ಕ್ರೆಡಿಟ್ ಕಾರ್ಡಿಗೆ ಪಿನ್ ಇಟ್ಟುಕೊಂಡೇ ಊರು ಬಿಡಿ. ಪರದೆಯಲ್ಲಿ ರೂಪಾಯಿಯೋ ಯೂರೋನೋ ಎಂಬ ಆಯ್ಕೆ ಬಂದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಪರಿವರ್ತನೆಯ ದರವನ್ನು ಅವರು ಇಟ್ಟಷ್ಟು ಕೊಡಬೇಕಾಗುತ್ತದೆ. ಭದ್ರತಾ ಠೇವಣಿಗೆಂದು ಒಂದಷ್ಟು ಹಣವನ್ನು ತಡೆಹಿಡಿಯುವ ಹೋಟೆಲುಗಳಿವೆ. ಅದಕ್ಕೆ ಫಾರೆಕ್ಸ್ ಕಾರ್ಡ್ (ವಿದೇಶಿ ಹಣ ಮೊದಲೇ ತುಂಬಿಸಿಟ್ಟ ಕಾರ್ಡ್) ಕೊಟ್ಟರೆ ಊಟ ತಿರುಗಾಟಕ್ಕೆ ಇಟ್ಟುಕೊಂಡ ಹಣವೇ ಸಿಕ್ಕಿಬೀಳುತ್ತದೆ, ಕ್ರೆಡಿಟ್ ಕಾರ್ಡ್ ಕೊಡಿ.

ಇನ್ನು, ಬೇಡವೆಂದರೂ ಹಣ ಹೋದರೆ? 2017ರ ಜುಲೈಯ ರಿಸರ್ವ್ ಬ್ಯಾಂಕ್ ಸುತ್ತೋಲೆ ಇದನ್ನು ಸ್ಪಷ್ಟವಾಗಿ ಹೇಳಿದೆ. ತಪ್ಪು ಬ್ಯಾಂಕಿನದೂ ಅಲ್ಲ, ನಮ್ಮದೂ ಅಲ್ಲ ಎಂದಾದಾಗ ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಮ್ಮ ಮೇಲೆ ಬರುವುದಿಲ್ಲ. ನಾವೇ ಅಜಾಗರೂಕತೆಯಿಂದ ವಿವರ ಕೊಟ್ಟಿದ್ದರೆ, ತಿಳಿಸುವ ತನಕ ಹೋದ ಹಣವೆಲ್ಲ ನಮ್ಮದೇ ಹೊಣೆ. ಕಾರ್ಡಿನ ಎರಡೂ ಬದಿಯ ಫೋಟೋ ಕಳಿಸಿದವರು ಯಾವ ಗುಂಪಿಗೆ ಸೇರುತ್ತಾರೆ ಎಂದು ಬ್ಯಾಂಕಿನೊಡನೆ ವಾದಿಸುವ ಸ್ಥಿತಿ ಯಾರಿಗೂ ಬೇಡ. ಪ್ರವಾಸದಲ್ಲಿದ್ದಾಗ ಬ್ಯಾಂಕಿನ ಸಂದೇಶ ಸಿಗಬೇಕೆಂದರೆ ನಮ್ಮ ಸಿಮ್‌ಗೆ ರೋಮಿಂಗ್ ಚಾಲೂ ಇರಬೇಕು. ಅಲ್ಲಿನ ಸಿಮ್ ಕೊಂಡು ನಮ್ಮದನ್ನು ಕಳಚಿ ಪೆಟ್ಟಿಗೆಯಲ್ಲಿಟ್ಟರೆ ಕಳ್ಳತನ ತಿಳಿಯುವುದು ಮನೆಗೆ ಬಂದ ಮೇಲೆಯೇ. ವಿದೇಶದಿಂದ ಕರೆ ಮಾಡಬಹುದಾದ ಬ್ಯಾಂಕಿನ ಸಂಖ್ಯೆಯನ್ನು, ಮುಂದೆ +91 ಸೇರಿಸಿ, ಒಂದು ಚೀಟಿಯಲ್ಲಿ ಬರೆದು ಅತ್ತೆಯವರ ಕೈಚೀಲದಲ್ಲಿ ಇಟ್ಟಿದ್ದೆ. ಮೊಬೈಲ್ ಕಳೆದರೂ ಚೀಟಿ ಉಳಿಯಲಿ ಎಂದು. ಊರಿನಲ್ಲೇ ಇದ್ದಾಗ ಹಣ ಹೋದರೆ ಬ್ಯಾಂಕಿಗೆ ತಿಳಿಸಿ, ಜೊತೆಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ.

ಮನೆಗೆ ಮರಳಿದ ರಾತ್ರಿ ಪೆಟ್ಟಿಗೆ ಬಿಚ್ಚುವ ಮೊದಲು ಸ್ವಿಚ್ ಆರಿಸಿದೆ. ಸಾಲ್ಜ್‌ಬರ್ಗ್ ಹೋಟೆಲಿನವರು ತಡೆಹಿಡಿದಿದ್ದ 150 ಯೂರೋ ಮಾತ್ರ ಹಾಗೇ ಉಳಿದಿತ್ತು. ಪ್ರತಿ ಬೆಳಿಗ್ಗೆ ಆ್ಯಪ್ ತೆರೆದು ನೋಡುತ್ತಿದ್ದೆ. ಹನ್ನೊಂದನೆಯ ದಿನ ಅದು ಬಿಡುಗಡೆಯಾಯಿತು. ಎಂಟನೆಯ ದಿನ ಹೋಟೆಲಿಗೆ ಬರೆದ ಪತ್ರ, ಕೋಣೆ ಬಿಟ್ಟಾಗ ಪಡೆದ ರಸೀದಿ ಎರಡನ್ನೂ ಇನ್ನೂ ಇಟ್ಟುಕೊಂಡಿದ್ದೇನೆ.