ಚಿತ್ರಾನ್ನದ ಡಬ್ಬಿ, ಲಗೋರಿಯ ಬಯಲು

ಮಗುವಿನ ತೂಕ ವಯಸ್ಸಿಗೆ ಮೀರಿದಾಗ ಓಟ್ಸ್, ಸಲಾಡ್‌ಗಳ ಪಟ್ಟಿ ಕೊಡುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಮನೆಯಲ್ಲಿ ಬೇಯುವುದು ಚಿತ್ರಾನ್ನ, ಉಪ್ಪಿಟ್ಟು, ಮುದ್ದೆ, ಸಾರು. ತಿದ್ದಬೇಕಾದದ್ದು ಅಲ್ಲೇ.

ಶಾಲೆಯ ಡಬ್ಬಿಯ ಚಿತ್ರಾನ್ನದಲ್ಲಿ ಇರುವುದು ಬಹುಪಾಲು ಅನ್ನ, ಎಣ್ಣೆ. ಅನ್ನವನ್ನು ಅರ್ಧಕ್ಕಿಳಿಸಿ, ಉಳಿದ ಜಾಗಕ್ಕೆ ಹೆಸರುಬೇಳೆ ಕೋಸಂಬರಿ ಅಥವಾ ಕಾಳಿನ ಪಲ್ಯ ತುಂಬಿ. ಒಗ್ಗರಣೆಗೆ ಎಣ್ಣೆಯನ್ನು ಅಳೆದೇ ಹಾಕಿ: ಒಂದು ಟೀ ಚಮಚಕ್ಕೆ, ಅಂದರೆ 5 ಮಿ.ಲೀ.ಗೆ, ಸುಮಾರು 40 ಕ್ಯಾಲೊರಿ. ನಾಲ್ವರಿಗೆ ಮೂರು ಚಮಚ ಸಾಕು.

ಹೆಚ್ಚಿನವರು ಎಡವುವುದು ರಾಗಿ ಮಾಲ್ಟ್‌ನಲ್ಲಿ. ರಾಗಿ ಒಳ್ಳೆಯದೆಂದು ಲೋಟಕ್ಕೆ ಮೂರು ಚಮಚ ಬೆಲ್ಲ ಬೀಳುತ್ತದೆ, ಬೆಲ್ಲವೂ ಸಕ್ಕರೆಯೇ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿ, ಇಲ್ಲವೇ ಮಜ್ಜಿಗೆ ಬೆರೆಸಿದ ಅಂಬಲಿಗೆ ಬದಲಾಯಿಸಿ. ತುತ್ತು ಕೊಡುವ ಅಜ್ಜಿಯನ್ನು ಈ ಮಾತುಕತೆಯಿಂದ ಹೊರಗಿಡಬೇಡಿ. "ಇನ್ನೊಂದು ತುತ್ತು" ನಿಲ್ಲದಿದ್ದರೆ ಉಳಿದ ಬದಲಾವಣೆಗಳು ಫಲ ಕೊಡವು.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಜೋರಾಗುವಂಥ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೇ ಸಲ ಆಗಬೇಕಿಲ್ಲ. ಲಗೋರಿ ಚೆನ್ನ, ಆದರೆ ತಂಡಕ್ಕೆ ನಾಲ್ಕೈದು ಮಂದಿ ಇರಲಿ. ಹೆಚ್ಚಾದರೆ ಅರ್ಧ ಮಕ್ಕಳು ನಿಂತೇ ಇರುತ್ತಾರೆ. ಖೊ ಖೊದಲ್ಲೂ ಕೂರುವವರನ್ನು ಕಡಿಮೆ ಮಾಡಿ. ದೊಡ್ಡವಳಾದಳೆಂದು ಹುಡುಗಿಯ ಆಟ ನಿಲ್ಲಿಸುವುದಂತೂ ಬೇಡವೇ ಬೇಡ.

ಬೆಳೆಯುವ ಮಗುವಿಗೆ ಉಪವಾಸ ಹಾಕಬೇಡಿ. ಎಷ್ಟೋ ಮಕ್ಕಳಿಗೆ ತೂಕ ಇಳಿಯಬೇಕಿಲ್ಲ, ಎತ್ತರ ಬೆಳೆಯುವವರೆಗೆ ಅಷ್ಟರಲ್ಲೇ ನಿಂತರೆ ಸಾಕು; ಅದನ್ನು ಮಕ್ಕಳ ವೈದ್ಯರು ಬೆಳವಣಿಗೆಯ ಚಾರ್ಟ್ ನೋಡಿ ಹೇಳಲಿ.