ನ್ಯುಮೋನಿಯಾ ಇಂಜೆಕ್ಷನ್ ಹಾಕಿಸಿದರೂ ಮಗುವಿಗೆ ಕಫ ಬಂತಲ್ಲ?

"ತಂಗಿ, ಇಂಜೆಕ್ಷನ್ ಹಾಕ್ಸಿದ್ರೂ ಮಾಣಿಗೆ ಕಫ ಆತಲ. ಮತ್ತೆಂತಕ್ಕೆ ಹಾಕ್ಸವು?"

ಶಿರಸಿ ಸೀಮೆಯ ಹಳ್ಳಿಗಳಲ್ಲಿ ಗುರುವಾರ ಲಸಿಕೆ ಹಾಕುವ ನನಗೆ ಮಳೆಗಾಲದಲ್ಲಿ ಈ ಪ್ರಶ್ನೆ ತಪ್ಪಿದ್ದಲ್ಲ. ಕೇಳುವವರು ಹೆಚ್ಚಾಗಿ ಅಜ್ಜಿಯರು. ಇಂಜೆಕ್ಷನ್ ಅಂದರೆ ಪಿಸಿವಿ. ತಾಯಿ ಕಾರ್ಡಿನಲ್ಲಿ ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳು ಎಂದು ಮೂರು ಕಡೆ ಬರೆದಿರುತ್ತದಲ್ಲ, ಅದು. ಜನ ಅದನ್ನು ನ್ಯುಮೋನಿಯಾ ಇಂಜೆಕ್ಷನ್ ಅಂತಲೇ ಕರೆಯುತ್ತಾರೆ. ಗೊಂದಲ ಹುಟ್ಟುವುದೂ ಆ ಹೆಸರಿನಿಂದಲೇ.

ಕಳೆದ ಮಳೆಗಾಲದಲ್ಲಿ ಹೀಗೆ ಕೇಳಿದ ಅಜ್ಜಿಯ ತೊಡೆ ಮೇಲೆ ಹತ್ತು ತಿಂಗಳ ಮೊಮ್ಮಗ ಮಲಗಿದ್ದ. ಮೂಗು ಸೋರುತ್ತಿತ್ತು, ಗಂಟಲಲ್ಲಿ ಗೊರಗೊರ ಸದ್ದು. ಅಂಗಿ ಎತ್ತಿ ಹೊಟ್ಟೆ ನೋಡಿದೆ. ಹೊಟ್ಟೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ಮೊಬೈಲಿನಲ್ಲಿ ಪೂರ್ತಿ ಒಂದು ನಿಮಿಷ ಇಟ್ಟುಕೊಂಡು ಎಣಿಸಿದೆ. ಅಜ್ಜಿಯೂ ಬೆರಳು ಮಡಚಿ ಎಣಿಸಿದರು. 38 ಬಂತು. ಎದೆಗೂಡಿನ ಕೆಳಭಾಗ ಒಳಕ್ಕೆ ಎಳೆದುಕೊಳ್ಳುತ್ತಿರಲಿಲ್ಲ. ಎದ್ದ ಕೂಡಲೇ ಹಾಲಿಗೆ ಹುಡುಕಿದ. ಅದು ಶೀತ, ಅಷ್ಟೇ.

ಎರಡು ತಿಂಗಳೊಳಗಿನ ಮಗು ನಿಮಿಷಕ್ಕೆ 60 ಸಲ ಅಥವಾ ಅದಕ್ಕೂ ಜಾಸ್ತಿ ಉಸಿರಾಡಿದರೆ ಗಾಬರಿಯ ವಿಷಯ. ಎರಡು ತಿಂಗಳಿಂದ ಒಂದು ವರ್ಷದವರೆಗೆ ಆ ಗಡಿ 50. ಒಂದರಿಂದ ಐದು ವರ್ಷದ ಮಕ್ಕಳಿಗೆ 40. ಮಗು ಅಳುವಾಗ ಎಣಿಸಬೇಡಿ. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡುವುದೂ ಬೇಡ, ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಎದೆ ಸೆಳೆತ ಕಂಡರೆ, ಮಗು ಹಾಲು ಬಿಟ್ಟು ಮಂಕಾಗಿ ಬಿದ್ದುಕೊಂಡರೆ, ತುಟಿ ನೀಲಿಯಾದರೆ ಕಷಾಯ ಕುದಿಸುತ್ತಾ ಕೂರಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.

ಶೀತ, ಕೆಮ್ಮು ಬರುವುದು ಬಹುಪಾಲು ವೈರಸ್‌ಗಳಿಂದ. ಪಿಸಿವಿಗೂ ಅವಕ್ಕೂ ಸಂಬಂಧ ಇಲ್ಲ. ಅದು ನ್ಯುಮೋಕಾಕಸ್ ಎಂಬ ಒಂದೇ ಬ್ಯಾಕ್ಟೀರಿಯಾದ ವಿರುದ್ಧ. ಈ ಬ್ಯಾಕ್ಟೀರಿಯಾ ಪುಪ್ಪುಸಕ್ಕೆ ಇಳಿದರೆ ನ್ಯುಮೋನಿಯಾ, ರಕ್ತಕ್ಕೆ ಸೇರಿದರೆ ಮೈಗೆಲ್ಲ ಸೋಂಕು, ಮಿದುಳಿನ ಪೊರೆಗೆ ಹೋದರೆ ಮೆನಿಂಜೈಟಿಸ್. ಮೆನಿಂಜೈಟಿಸ್ ಆಗಿ ಬದುಕಿದ ಮಕ್ಕಳಲ್ಲೂ ಕೆಲವರಿಗೆ ಕಿವಿ ಕೇಳಿಸದೆ ಹೋಗುತ್ತದೆ.

ಈ ಬ್ಯಾಕ್ಟೀರಿಯಾದ ಮೈಮೇಲೆ ಸಕ್ಕರೆಯಂಥ ಒಂದು ಹೊದಿಕೆ ಇದೆ. ಅದರಿಂದಾಗಿ ನಮ್ಮ ಬಿಳಿ ರಕ್ತಕಣಗಳ ಕೈಗೆ ಸಿಗದೆ ಜಾರಿಕೊಳ್ಳುತ್ತದೆ. ಹೊದಿಕೆಯಲ್ಲಿ ನೂರಕ್ಕೂ ಜಾಸ್ತಿ ಬಗೆ. ಲಸಿಕೆಯಲ್ಲಿ ಇರುವುದು ಆ ಹೊದಿಕೆಯ ಚೂರುಗಳು ಮಾತ್ರ, ಜೀವ ಇರುವ ಬ್ಯಾಕ್ಟೀರಿಯಾ ಇಲ್ಲ. ಹಾಗಾಗಿ ಲಸಿಕೆಯಿಂದಲೇ ನ್ಯುಮೋನಿಯಾ ಬರುವ ಮಾತೇ ಇಲ್ಲ. ಎರಡು ವರ್ಷದೊಳಗಿನ ಮಕ್ಕಳ ದೇಹ ಬರೀ ಸಕ್ಕರೆಯ ಚೂರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದಕ್ಕೇ ಒಂದು ಪ್ರೋಟೀನಿಗೆ ಅಂಟಿಸಿ ಕೊಡುತ್ತಾರೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ನ್ಯುಮೋಸಿಲ್‌ನಲ್ಲಿ ಇಂಥ 10 ಬಗೆ ಇವೆ, ಮಕ್ಕಳಿಗೆ ಜಾಸ್ತಿ ಕಾಟ ಕೊಡುವಂಥವು.

ಇದು ಎಷ್ಟು ಕೆಲಸ ಮಾಡುತ್ತದೆ? ಆಫ್ರಿಕಾದ ಗ್ಯಾಂಬಿಯಾದಲ್ಲಿ 17 ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಅಧ್ಯಯನವೊಂದರ ಫಲಿತಾಂಶ 2005ರಲ್ಲಿ ಬಂತು. ಆಗಿನ ಲಸಿಕೆಯಲ್ಲಿ ಇದ್ದದ್ದು 9 ಬಗೆಯ ಹೊದಿಕೆ. ಆ ಬಗೆಗಳಿಂದ ರಕ್ತಕ್ಕೋ ಮಿದುಳಿಗೋ ಹಬ್ಬುವ ಕಾಯಿಲೆ ಶೇ 77ರಷ್ಟು ಕಡಿಮೆಯಾಯಿತು. ಎಕ್ಸ್‌ರೇಯಲ್ಲಿ ಕಾಣುವ ನ್ಯುಮೋನಿಯಾ ಮಾತ್ರ ಶೇ 37ರಷ್ಟು ಕಡಿಮೆಯಾಯಿತು. ಅಜ್ಜಿಯ ಪ್ರಶ್ನೆಗೆ ಉತ್ತರ ಈ ಎರಡು ಅಂಕಿಗಳ ನಡುವೆ ಇದೆ. ನ್ಯುಮೋನಿಯಾಕ್ಕೆ ಕಾರಣಗಳು ಹಲವು, ಲಸಿಕೆ ತಡೆಯುವುದು ಒಂದನ್ನು. ಆದರೆ ಆ ಒಂದು ಎಷ್ಟು ಕೆಟ್ಟದ್ದು ಅಂದರೆ, ಅದನ್ನು ತಡೆದದ್ದಕ್ಕೇ ಅಲ್ಲಿ ಮಕ್ಕಳ ಒಟ್ಟು ಸಾವು ಶೇ 16ರಷ್ಟು ಇಳಿಯಿತು. ಒಂದು ಲಸಿಕೆಯಿಂದ ಇಷ್ಟಾಯಿತು ಎಂದು ಮೊದಲ ಸಲ ಓದಿದಾಗ ನಾನು ಪುಟ ಮುಚ್ಚಿ ಸುಮ್ನೆ ಕೂತಿದ್ದೆ.

ನಮ್ಮ ದೇಶದಲ್ಲಿ ಇದು ಸರ್ಕಾರದಿಂದ ಉಚಿತವಾಗಿ ಶುರುವಾದದ್ದು 2017ರಲ್ಲಿ, ಹಿಮಾಚಲ ಪ್ರದೇಶ ಮತ್ತು ಬಿಹಾರ, ಉತ್ತರ ಪ್ರದೇಶದ ಕೆಲವು ಭಾಗಗಳಲ್ಲಿ. 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಅದಕ್ಕೆ ಮೊದಲು ಖಾಸಗಿಯಲ್ಲಿ ಒಂದು ಡೋಸಿಗೆ ಸಾವಿರಗಟ್ಟಲೆ ಕೊಡಬೇಕಿತ್ತು. ಕೂಲಿಗೆ ಹೋಗುವ ಮನೆಯವರು ಎಲ್ಲಿಂದ ತರಬೇಕು, ಹೇಳಿ. ಈಗ ಕಾಡಂಚಿನ ಅಂಗನವಾಡಿಯಲ್ಲೂ ಸಿಗುತ್ತದೆ ಅನ್ನುವುದು ನನಗೆ ಬಹಳ ಸಮಾಧಾನದ ವಿಷಯ.

ಅಡ್ಡ ಪರಿಣಾಮ ಇಲ್ಲವೇ ಅಂದರೆ, ಇದೆ. ಚುಚ್ಚಿದ ತೊಡೆ ಕೆಂಪಾಗಬಹುದು, ಊದಬಹುದು. ಒಂದೆರಡು ದಿನ ಜ್ವರ, ಕಿರಿಕಿರಿ ಇರಬಹುದು. ತಣ್ಣೀರಿನ ಬಟ್ಟೆ ಸಾಕು, ಜ್ವರಕ್ಕೆ ನಾವು ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್. ಅರಿಶಿನ, ಎಣ್ಣೆ ಹಚ್ಚಿ ಉಜ್ಜಬೇಡಿ. ತೀವ್ರ ಅಲರ್ಜಿ ತೀರಾ ಅಪರೂಪ. ಆದರೆ ಆಗುವುದಾದರೆ ಹೆಚ್ಚಾಗಿ ತಕ್ಷಣವೇ ಆಗುತ್ತದೆ. ಬಸ್ ತಪ್ಪುತ್ತದೆ ಎಂದು ನೀವು ಗಡಿಬಿಡಿ ಮಾಡಿದರೂ ಅರ್ಧ ಗಂಟೆ ಕೂರಿಸುವುದು ಇದಕ್ಕೇ. ಸಣ್ಣ ಶೀತ ಇದೆ ಎಂದು ಡೋಸ್ ಮುಂದೆ ಹಾಕಬೇಡಿ. ತಪ್ಪಿಹೋಗಿದ್ದರೆ ಬನ್ನಿ, ಬೈಯುವುದಿಲ್ಲ, ಮೊದಲಿಂದ ಶುರು ಮಾಡಬೇಕಾಗಿಯೂ ಇಲ್ಲ.

ಲಸಿಕೆ ಕೆಟ್ಟಿರುವುದಿಲ್ಲ ಎಂದು ಏನು ಗ್ಯಾರಂಟಿ ಎಂದೂ ಕೆಲವರು ಕೇಳುತ್ತಾರೆ. ಕೇಳಬೇಕಾದದ್ದೇ. ಪಿಸಿವಿ ಹೆಪ್ಪುಗಟ್ಟಿದರೆ ಹಾಳು. ಅದಕ್ಕೇ ಐಸ್ ಪ್ಯಾಕನ್ನು ಫ್ರೀಜರಿನಿಂದ ತೆಗೆದು ಸೀದಾ ಡಬ್ಬಕ್ಕೆ ಹಾಕುವುದಿಲ್ಲ. ಅದರ ಮೈ ಬೆವರಬೇಕು, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರು ಗುಳುಗುಳು ಅನ್ನಬೇಕು. ಬೆಳಿಗ್ಗೆ ಆ ಸದ್ದು ಕೇಳಿದ ಮೇಲೆಯೇ ನಾವು ಹೊರಡುವುದು.

ಇದನ್ನೆಲ್ಲ ಕೇಳಿ ಆ ಅಜ್ಜಿ, "ಹಾಂಗಾದ್ರೆ ಯಂಗೆ ಬ್ಯಾಡದಾ?" ಅಂದರು. ತನಗೂ ಲಸಿಕೆ ಬೇಡವೇ ಎಂದು. ಒಳ್ಳೆಯ ಪ್ರಶ್ನೆ. ಈ ಬ್ಯಾಕ್ಟೀರಿಯಾ ಹೆಚ್ಚಾಗಿ ವಾಸ ಮಾಡುವುದೇ ಚಿಕ್ಕ ಮಕ್ಕಳ ಮೂಗು ಗಂಟಲಲ್ಲಿ, ದೊಡ್ಡವರಿಗೆ ಹರಡುವುದೂ ಹೆಚ್ಚಾಗಿ ಅಲ್ಲಿಂದಲೇ. ಅಮೆರಿಕದಲ್ಲಿ 2000ದಿಂದ ಮಕ್ಕಳಿಗೆ ಹಾಕತೊಡಗಿದ ಮೇಲೆ ವಯಸ್ಸಾದವರಲ್ಲೂ ಆ ಬಗೆಗಳ ಕಾಯಿಲೆ ಇಳಿಯಿತು. ಆದರೂ 65 ದಾಟಿದವರು, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಹಳೇ ದಮ್ಮು ಇರುವವರು, ಗುಲ್ಮ (ಸ್ಪ್ಲೀನ್) ತೆಗೆಸಿಕೊಂಡವರು ತಾವೂ ಹಾಕಿಸಿಕೊಳ್ಳುವುದು ಒಳ್ಳೆಯದು. ನೆದರ್‌ಲ್ಯಾಂಡ್ಸ್‌ನಲ್ಲಿ 65 ದಾಟಿದ ಸುಮಾರು 84 ಸಾವಿರ ಜನರ ಮೇಲೆ ನಡೆದ ಅಧ್ಯಯನದಲ್ಲಿ, ಲಸಿಕೆಯಲ್ಲಿರುವ ಬಗೆಗಳ ನ್ಯುಮೋನಿಯಾ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ದೊಡ್ಡವರದು ಮಕ್ಕಳ ಹಾಗೆ ನಮ್ಮಲ್ಲಿ ಉಚಿತ ಇಲ್ಲ. ಯಾವ ಲಸಿಕೆ, ಎಷ್ಟು ಡೋಸ್ ಅನ್ನುವುದನ್ನು ವೈದ್ಯರು ಕಾಯಿಲೆ ನೋಡಿ ಹೇಳುತ್ತಾರೆ.

ಅಜ್ಜಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಲಸಿಕೆಯ ಹೆಸರು ಬರೆದುಕೊಡು ಅಂದರು. ಚೀಟಿ ಮಡಚಿ ಕವಳದ ಸಂಚಿಯೊಳಗೆ ಇಟ್ಟುಕೊಂಡು, ಹೊರಡುವ ಮುಂಚೆ ಮೊಮ್ಮಗನ ಅಂಗಿ ಎತ್ತಿ ಇನ್ನೊಂದು ಸಲ ಎಣಿಸಿದರು.