ಮುಚ್ಚಿದ ಬಾಗಿಲು ಎರಡು ಥರ

ಮೇಷ್ಟ್ರು ಹೋದ ಸುದ್ದಿ ನನಗೆ ತಲುಪಿದ್ದು ಎರಡು ಆಪರೇಷನ್‌ಗಳ ನಡುವೆ. ಬ್ಯಾಚ್‌ನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ್ದರು. ಕೆಳಗೆ ಕೈ ಮುಗಿದ ಚಿತ್ರಗಳ ಸಾಲು. ಅದರ ಮಧ್ಯೆ ಒಬ್ಬ ಬರೆದಿದ್ದ: "ಬಿರಡೆ, ಮ್ಯಾಗಜೀನ್‌ಗೆ ನೀನೇ ಬರೀಬೇಕು. ಉಪ್ಪಿನ ಕಥೆ ಬಿಡಬೇಡ."

ಬಿರಡೆ ಅಂದರೆ ನಾನು. ಮೂವತ್ತು ವರ್ಷ ಕಳೆದರೂ ಆ ಹೆಸರು ಹೋಗಿಲ್ಲ. ಇಟ್ಟವರು ಮೇಷ್ಟ್ರೇ. ಎದುರಿಗೆ ನಾವು ಅವರನ್ನು ಸರ್ ಅನ್ನುತ್ತಿದ್ದೆವು, ಹಿಂದೆ ಮೇಷ್ಟ್ರು. ಅಂಗಕ್ರಿಯಾಶಾಸ್ತ್ರ ಅಂತ ಹಲಗೆ ಇದ್ದ ಆ ವಿಭಾಗವನ್ನು ಎಲ್ಲರೂ ಫಿಸಿಯಾಲಜಿ ಅಂತಲೇ ಕರೆಯುತ್ತಿದ್ದರು. 1991ರಲ್ಲಿ ನಾವು ಮೆಡಿಕಲ್ ಕಾಲೇಜಿನ ಮೊದಲ ವರ್ಷ. ಮೂತ್ರಪಿಂಡ, ಪಿತ್ತಕೋಶ ಎಲ್ಲಾ ಅವರೇ ಪಾಠ ಮಾಡಿರಬೇಕು. ಒಂದೂ ನೆನಪಿಲ್ಲ. ನೆನಪಿರುವುದು ಜೀವಕೋಶದ ಪೊರೆ, ಅದರಲ್ಲಿರುವ ಬಾಗಿಲುಗಳು. ಅಯಾನ್ ಚಾನಲ್‌ಗಳು. ಅಯಾನು ಅಂದರೆ ಸೋಡಿಯಂ, ಪೊಟ್ಯಾಸಿಯಂ ಥರದ, ವಿದ್ಯುದಂಶ ಹೊತ್ತ ಕಣ.

ಮೊದಲ ದಿನ ಬೋರ್ಡಿನ ಮೇಲೆ ಒಂದು ಗೆರೆ ಎಳೆದರು. ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ ಗೆರೆಯ ಹೊರಗೆ ಸೋಡಿಯಂ 145, ಒಳಗೆ 12. ಪೊಟ್ಯಾಸಿಯಂ ತಿರುಗಾಮುರುಗಾ, ಒಳಗೆ 140, ಹೊರಗೆ 4. ಇಷ್ಟು ಬರೆದು ನಮ್ಮ ಕಡೆ ತಿರುಗಿದರು. "ಹೊರಗೆ ನೂಕುನುಗ್ಗಲು, ಒಳಗೆ ಖಾಲಿ. ಗೋಡೆ ಕೊಬ್ಬಿನದು, ಅದರ ಮೂಲಕ ಅಯಾನು ಹೋಗಲ್ಲ. ಹಾಗಾದರೆ ಬಾಗಿಲು ಬೇಕು, ಅಲ್ವಾ? ಬಾಗಿಲು ಇಟ್ಟರೆ ಕಾವಲು ಬೇಕು." ಪೊರೆಯ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ ಇರುತ್ತೆ ಅಂದಾಗ ಹಿಂದಿನ ಬೆಂಚಿನವನೊಬ್ಬ ನಕ್ಕ. ಟಾರ್ಚಿನ ಸೆಲ್‌ನಲ್ಲೇ 1.5 ವೋಲ್ಟ್ ಇರುತ್ತೆ, ಇದೇನು ಮಹಾ ಅಂತ. ಮೇಷ್ಟ್ರು ಸೀಮೆಸುಣ್ಣ ಅವನ ಕೈಗೇ ಕೊಟ್ಟು ಲೆಕ್ಕ ಮಾಡಿಸಿದರು. ಪೊರೆಯ ದಪ್ಪ ಸುಮಾರು 5 ನ್ಯಾನೋಮೀಟರ್. ಅಷ್ಟು ತೆಳು ಜಾಗದಲ್ಲಿ 70 ಮಿಲಿವೋಲ್ಟ್ ಅಂದರೆ ಮೀಟರಿಗೆ 1 ಕೋಟಿ 40 ಲಕ್ಷ ವೋಲ್ಟ್. ಅವನು ಸೊನ್ನೆಗಳನ್ನು ಎರಡು ಸಲ ಎಣಿಸಿ ಸುಮ್ನೆ ಹೋಗಿ ಕೂತ.

ಆಮೇಲೆ ನಾಟಕ. ಲೆಕ್ಚರ್ ಹಾಲ್‌ನ ಬಾಗಿಲೇ ಸೋಡಿಯಂ ಚಾನಲ್. ಅರ್ಧ ಕ್ಲಾಸನ್ನು ಕಾರಿಡಾರಿಗೆ ಕಳಿಸಿದರು, ಅವರು ಸೋಡಿಯಂ. ಚುರುಕಾದ ಒಬ್ಬ ಹುಡುಗಿಯನ್ನು ಚಿಲಕದ ಹತ್ತಿರ ನಿಲ್ಲಿಸಿದರು. ಬಾಗಿಲ ಒಳಗಡೆ, ಪಕ್ಕದಲ್ಲಿ, ಸ್ಟೂಲಿನ ಮೇಲೆ ನಾನು. ಆಗ ನಾನು ಸ್ವಲ್ಪ ದಪ್ಪ. ಸ್ವಲ್ಪ ಅಂದೆ, ಜಾಸ್ತಿ ಕೇಳಬೇಡಿ. ಮೇಷ್ಟ್ರು ಚಪ್ಪಾಳೆ ತಟ್ಟಿದರೆ ವೋಲ್ಟೇಜ್ ಬದಲಾಯಿತು ಅಂತ ಅರ್ಥ. ಚಪ್ಪಾಳೆ ಕೇಳಿದ ಕೂಡಲೇ ಅವಳು ಚಿಲಕ ತೆಗೆಯಬೇಕು. ನಾನೂ ಅದೇ ಚಪ್ಪಾಳೆಗೇ ಏಳಬೇಕು. ಆದರೆ ಸ್ವಲ್ಪ ನಿಧಾನವಾಗಿ. ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತುಬಿಡಬೇಕು, ಬಾಟಲಿಗೆ ಬಿರಡೆ ಹಾಕಿದ ಹಾಗೆ. ಈ ಎರಡರ ನಡುವಿನ ಸಂದಿನಲ್ಲಿ ನುಗ್ಗಿದವರಷ್ಟೇ ಒಳಗೆ.

ನಿಜವಾದ ಚಾನಲ್‌ನಲ್ಲಿ ಆ ಸಂದು ಒಂದೆರಡು ಮಿಲಿಸೆಕೆಂಡ್. ಪ್ರೋಟೀನಿನ ಒಂದು ತುಂಡಿನ ಮೇಲೆ ಧನ ವಿದ್ಯುದಂಶ ಇರುತ್ತೆ. ವೋಲ್ಟೇಜ್ ಬದಲಾದರೆ ಆ ತುಂಡು ಹೊರಮುಖವಾಗಿ ಸರಿಯುತ್ತೆ, ದಾರಿ ತೆರೆಯುತ್ತೆ. ಅಷ್ಟರಲ್ಲಿ ಅದೇ ಪ್ರೋಟೀನಿನ ಒಳಬದಿಯ ಇನ್ನೊಂದು ತುಂಡು ಬಂದು ದಾರಿಗೆ ಸಿಕ್ಕಿಕೊಳ್ಳುತ್ತೆ. ಆಗ ಪೊಟ್ಯಾಸಿಯಂ ಚಾನಲ್‌ಗಳು ನಿಧಾನಕ್ಕೆ ತೆರೆದುಕೊಂಡು, ಪೊಟ್ಯಾಸಿಯಂ ಹೊರಗೆ ಹರಿದು, ಎಲ್ಲಾ ಮೊದಲಿನ ಸ್ಥಿತಿಗೆ ಬರುತ್ತೆ. ನರದಲ್ಲಿ ಸುದ್ದಿ ಓಡುವುದು ಹೀಗೆ.

ಐದನೇ ಸಲ ನಾನು ಬೇಕಂತಲೇ ಏಳಲಿಲ್ಲ. ಕಾರಿಡಾರಿನಲ್ಲಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಒಳಗೆ ಬಂದರು, ಮುಂದಿನ ಬೆಂಚು ಮಗುಚಿತು. ಮೇಷ್ಟ್ರು ಗದರಲಿಲ್ಲ. "ಈ ಬಿರಡೆ ಕೆಟ್ಟಿದೆ. ಈ ರೋಗಿಯ ಸ್ನಾಯು ಹಿಡಿದದ್ದನ್ನು ಬಿಡಲ್ಲ" ಅಂದರು. ತಮಾಷೆ ಅಂದುಕೊಂಡಿದ್ದೆವು. ಬಿರಡೆ ಸರಿಯಾಗಿ ಕೂರದ ಸೋಡಿಯಂ ಚಾನಲ್‌ನಿಂದ ಸ್ನಾಯು ಬಿಗಿದುಕೊಳ್ಳುವ ಕಾಯಿಲೆ ನಿಜಕ್ಕೂ ಇದೆ. ಹೃದಯದ ಚಾನಲ್‌ನಲ್ಲಿ ಆ ದೋಷ ಇದ್ದರೆ ಬಡಿತವೇ ತಾಳ ತಪ್ಪುತ್ತೆ.

ಆ ವರ್ಷ ಅಕ್ಟೋಬರ್‌ನಲ್ಲಿ ಒಂದು ಬೆಳಿಗ್ಗೆ ಮೇಷ್ಟ್ರು ಪೇಪರ್ ಹಿಡಿದುಕೊಂಡೇ ಕ್ಲಾಸಿಗೆ ಬಂದರು. ಎರ್ವಿನ್ ನೇಯರ್, ಬರ್ಟ್ ಸಾಕ್‌ಮನ್ ಇಬ್ಬರಿಗೂ ನೊಬೆಲ್. ತಮಗೇ ಬಂದಷ್ಟು ಖುಷಿ. 1952ರಲ್ಲಿ ಹಾಡ್ಜ್‌ಕಿನ್, ಹಕ್ಸ್‌ಲಿ ಇಬ್ಬರೂ ಸ್ಕ್ವಿಡ್ ಅನ್ನುವ ಕಡಲಜೀವಿಯ ದಪ್ಪ ನರದ ಮೇಲೆ ಪ್ರಯೋಗ ಮಾಡಿ, ಬಾಗಿಲು ಹೀಗೆ ತೆರೆದು ಹೀಗೆ ಮುಚ್ಚಿರಬೇಕು ಅಂತ ಲೆಕ್ಕ ಕಟ್ಟಿದ್ದರು. ಹಕ್ಸ್‌ಲಿ ಆ ಲೆಕ್ಕ ಮಾಡಿದ್ದು ಕೈಯಿಂದ ತಿರುಗಿಸುವ ಯಂತ್ರದಲ್ಲಿ. ಆದರೆ ಒಂದೇ ಒಂದು ಬಾಗಿಲು ತೆರೆಯುವುದನ್ನು ಅಳೆದವರು ಇರಲಿಲ್ಲ. 1976ರಲ್ಲಿ ಈ ಇಬ್ಬರು ಕೂದಲಿಗಿಂತ ತೆಳುವಾದ ಗಾಜಿನ ನಳಿಗೆಯ ತುದಿಯನ್ನು ಪೊರೆಗೆ ಒತ್ತಿ, ಒಂದೇ ಚಾನಲ್‌ನ ವಿದ್ಯುತ್ತನ್ನು ಅಳೆದರು. ಅದೂ ಯಾವುದರಲ್ಲಿ? ಕಪ್ಪೆಯ ಸ್ನಾಯುವಿನಲ್ಲಿ! "ನಿಮ್ಮ ಪ್ರಾಕ್ಟಿಕಲ್ ಟ್ರೇಯಲ್ಲಿರೋ ಅದೇ ಕಪ್ಪೆ ಕಣ್ರಯ್ಯಾ" ಅಂದರು. ಪೇಪರಿನ ಅಂಚಿನಲ್ಲೇ ಆ ಅಳತೆಯ ಗೆರೆ ಬರೆದು ತೋರಿಸಿದರು. ಮೆಟ್ಟಿಲಿನಂತೆ ಥಟ್ಟನೆ ಇಳಿಯುತ್ತೆ, ಥಟ್ಟನೆ ಏರುತ್ತೆ. ಮಧ್ಯೆ ಇಳಿಜಾರಿಲ್ಲ. ಅಂದರೆ ಚಾನಲ್ ನೀರಿನ ನಲ್ಲಿಯ ಹಾಗೆ ಸ್ವಲ್ಪ ಸ್ವಲ್ಪ ತಿರುಗುವುದಿಲ್ಲ. ತೆರೆದಿರುತ್ತೆ, ಇಲ್ಲಾ ಮುಚ್ಚಿರುತ್ತೆ. ತೆರೆದಾಗ ಹರಿಯುವುದು ಕೆಲವೇ ಪಿಕೋ ಆಂಪಿಯರ್, ಅಂದರೆ ಆಂಪಿಯರ್‌ನ ಲಕ್ಷ ಕೋಟಿ ಪಾಲಿನಲ್ಲಿ ಕೆಲವೇ ಪಾಲು. ಆದರೆ ಒಂದು ಪಿಕೋ ಆಂಪಿಯರ್ ಅಂದರೂ ಸೆಕೆಂಡಿಗೆ 60 ಲಕ್ಷಕ್ಕೂ ಜಾಸ್ತಿ ಅಯಾನುಗಳು.

ಇನ್ನು ಉಪ್ಪಿನ ಕಥೆ.

ಆಗ ಪ್ರಾಕ್ಟಿಕಲ್ ಅಂದರೆ ಕಪ್ಪೆ. ತೊಡೆಯ ನರದ ಜೊತೆ ಮೀನಖಂಡದ ಸ್ನಾಯುವನ್ನು ಬಿಡಿಸಿ, ರಿಂಗರ್ ಅನ್ನುವ ಉಪ್ಪುನೀರಿನ ದ್ರಾವಣದಲ್ಲಿ ಇಟ್ಟು, ನರಕ್ಕೆ ಕರೆಂಟ್ ಕೊಡಬೇಕು. ಸ್ನಾಯು ಎಳೆದಾಗ ಅದಕ್ಕೆ ಕಟ್ಟಿದ ಕಡ್ಡಿ ಮೇಲೇಳುತ್ತೆ. ಮಸಿ ಹಿಡಿಸಿದ ಕಾಗದ ಸುತ್ತಿದ ಡ್ರಮ್ಮಿನ ಮೇಲೆ ಬಿಳಿ ಗೆರೆ ಮೂಡುತ್ತೆ. ಸಂಜೆ ಹೊತ್ತಿಗೆ ಎಲ್ಲರ ಮೂಗಿನ ತುದಿಯೂ ಕಪ್ಪು. ರಿಂಗರ್‌ಗೆ ಲೀಟರಿಗೆ ಸೋಡಿಯಂ ಕ್ಲೋರೈಡ್ 6.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ ಬರೀ 0.14 ಗ್ರಾಂ. ಎರಡೂ ನೋಡಲು ಒಂದೇ ಥರದ ಬಿಳಿ ಪುಡಿ. ಅಕ್ಕಪಕ್ಕದ ಬಾಟಲಿಗಳು. ಇಷ್ಟು ಹೇಳಿದ ಮೇಲೆ ನಾವು ಏನು ಮಾಡಿದೆವು ಅಂತ ನಿಮಗೆ ಗೊತ್ತಾಗಿರುತ್ತೆ.

ನಾವು ನಾಲ್ಕು ಜನ. ಹಿಂದಿನ ಸಂಜೆ ಚೀಟಿಗಳನ್ನು ಅದಲುಬದಲು ಮಾಡಿ ಅಂಟಿಸಿದೆವು. ಐಡಿಯಾ ನನ್ನದೇ. ಬೇರೆಯವರು ಈಗ ತಮ್ಮದು ಅನ್ನುತ್ತಾರೆ, ನಂಬಬೇಡಿ. ಮರುದಿನ ಬೆಳಿಗ್ಗೆ ಲ್ಯಾಬಿನ ಅಟೆಂಡರ್ ಎಂದಿನಂತೆ ರಿಂಗರ್ ಕಲಸಿದರು.

ಮೊದಲು ಏನೂ ಆಗಲಿಲ್ಲ. ಕಡ್ಡಿಗಳು ಕುಣಿದವು, ಗೆರೆಗಳು ಬಂದವು. ನಮಗೇ ನಿರಾಸೆ. ನಂತರ ಒಂದು ಟೇಬಲ್‌ನಲ್ಲಿ ಯಾರೂ ಸ್ವಿಚ್ ಒತ್ತದೇನೇ ಕಡ್ಡಿ ಮೆಲ್ಲಗೆ ಮೇಲೇಳತೊಡಗಿತು. ಪಕ್ಕದ ಟೇಬಲ್‌ನಲ್ಲೂ ಹಾಗೇ. ಕರೆಂಟ್ ಕೊಟ್ಟರೆ ಎಳೆತ ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ನಿಂತೇ ಹೋಯಿತು. ಅರ್ಧ ಗಂಟೆಯಲ್ಲಿ ಇಡೀ ಲ್ಯಾಬಿನ ಒಂದು ಸ್ನಾಯುವೂ ಅಲ್ಲಾಡುತ್ತಿರಲಿಲ್ಲ. ಅಟೆಂಡರ್ ಮುಖ ಬಿಳಿಚಿಕೊಂಡಿತು. "ಸಾರ್, ಅಳತೆ ಸರಿಯಾಗೇ ಹಾಕಿದ್ದೆ ಸಾರ್" ಅಂತ ಕೈಯೊರೆಸಿಕೊಳ್ಳುತ್ತಾ ನಿಂತರು. ಅವರಿಗೆ ಆಗ ಐವತ್ತು ದಾಟಿತ್ತು. ನಮ್ಮ ನಾಲ್ವರ ನಗು ಅಲ್ಲಿಗೆ ನಿಂತಿತು.

ಮೇಷ್ಟ್ರು ಒಂದು ಡ್ರಮ್ಮಿನ ಮುಂದೆ ಬಗ್ಗಿ ಆ ನಿಧಾನದ ಏರುಗೆರೆಯನ್ನೇ ನೋಡಿದರು. ಎದ್ದು ನಿಂತು ಅಟೆಂಡರ್ ಕಡೆ ತಿರುಗಿ, "ನಿಮ್ಮ ತಪ್ಪಲ್ಲ. ಇದು ಪೊಟ್ಯಾಸಿಯಂ" ಅಂದರು. ನಮ್ಮ ಕಡೆ ನೋಡಲೇ ಇಲ್ಲ. ಅದೇ ತಡೆಯಲಾಗಲಿಲ್ಲ. ನಾನು ಕೈ ಎತ್ತಿದೆ.

"ಮಾಡಿದ್ದು ನೀನು ಅಂತ ಆಯಿತು. ಏನು ಮಾಡಿದೆ ಅಂತ ಗೊತ್ತಾ?"

ಗೊತ್ತಿರಲಿಲ್ಲ. ಬೋರ್ಡಿನ ಮುಂದೆ ನಿಲ್ಲಿಸಿಕೊಂಡು ನನ್ನಿಂದಲೇ ಹೇಳಿಸಿದರು. ಪೊರೆಯಲ್ಲಿ ಸದಾ ತೆರೆದೇ ಇರುವ ಪೊಟ್ಯಾಸಿಯಂ ಚಾನಲ್‌ಗಳಿವೆ. ಅವುಗಳ ಮೂಲಕ ಪೊಟ್ಯಾಸಿಯಂ ಹೊರಗೆ ಸೋರುವುದರಿಂದಲೇ ಒಳಗೆ ಋಣ ವೋಲ್ಟೇಜ್. ಹೊರಗೂ ಪೊಟ್ಯಾಸಿಯಂ ತುಂಬಿದರೆ ಸೋರಿಕೆ ನಿಲ್ಲುತ್ತೆ, ವೋಲ್ಟೇಜ್ ಕುಸಿಯುತ್ತೆ. ಸೋಡಿಯಂ ಬಾಗಿಲುಗಳು ಒಮ್ಮೆ ತೆರೆದು, ಬಿರಡೆ ಬಿದ್ದು, ಅಲ್ಲಿಗೇ ನಿಲ್ಲುತ್ತವೆ. ಬಿರಡೆ ಬಿಟ್ಟುಕೊಳ್ಳಬೇಕಾದರೆ ಒಳಗೆ ಮತ್ತೆ ಋಣ ವೋಲ್ಟೇಜ್ ಬರಬೇಕು. ಅದು ಬರುವುದಿಲ್ಲ. ಇನ್ನು ಎಷ್ಟು ಕರೆಂಟ್ ಕೊಟ್ಟರೇನು?

"ಮುಚ್ಚಿದ ಬಾಗಿಲು ಎರಡು ಥರ ಕಣಯ್ಯಾ" ಅಂದರು. "ಒಂದು ಚಿಲಕ ಹಾಕಿದ್ದು, ತಟ್ಟಿದರೆ ತೆಗೆಯುತ್ತೆ. ಇನ್ನೊಂದು ಚಿಲಕ ತೆಗೆದೇ ಇದೆ, ಆದರೆ ನೀನು ಅಡ್ಡ ನಿಂತಿದೀಯ. ಹೊರಗಿಂದ ನೋಡಿದರೆ ಎರಡೂ ಒಂದೇ."

ಹೊಸ ರಿಂಗರ್ ಕಲಸಿ ಎಲ್ಲಾ ಸ್ನಾಯುಗಳನ್ನು ತೊಳೆಸಿದರು. ತೊಳೆದು, ಕಾದು, ಮತ್ತೆ ತೊಳೆದು. ಮಧ್ಯಾಹ್ನದ ಹೊತ್ತಿಗೆ ಒಂದು ಕಡ್ಡಿ ಸಣ್ಣಗೆ ಹಾರಿತು. ಇಡೀ ಕ್ಲಾಸು ಕೂಗಿತು, ಅಟೆಂಡರ್ ಕೂಡ. ಶಿಕ್ಷೆ ಏನೆಂದರೆ ಆ ವರ್ಷಪೂರ್ತಿ ಪ್ರಾಕ್ಟಿಕಲ್ ಇದ್ದ ದಿನ ನಾವು ನಾಲ್ವರೂ ಬೆಳಿಗ್ಗೆ ಏಳಕ್ಕೇ ಬಂದು, ಅಟೆಂಡರ್ ಕೈಕೆಳಗೆ ರಿಂಗರ್ ಕಲಸಬೇಕು. ಕಲಸಿದೆವು. ಬಾಟಲಿಯ ಚೀಟಿಯನ್ನು ಎರಡು ಸಲ ಓದುವ ಅಭ್ಯಾಸ ನನಗೆ ಬಂದಿದ್ದು ಅವರಿಂದ. ಮೇಷ್ಟ್ರಿಂದ ಅಲ್ಲ.

ಈಗ ನಾನು ಅರಿವಳಿಕೆ ತಜ್ಞ. ಎಷ್ಟು ಸಾವಿರ ಜನರನ್ನು ಮಲಗಿಸಿ ಎಬ್ಬಿಸಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ. ಇಟ್ಟಿದ್ದರೆ ನಿಮಗೆ ಹೇಳದೆ ಬಿಡುತ್ತಿರಲಿಲ್ಲ. ನಮ್ಮಲ್ಲಿ ಸಕ್ಸಮೆಥೋನಿಯಂ ಅಂತ ಒಂದು ಔಷಧಿ ಇದೆ. ಅದು ತಟ್ಟುವುದು ಬೇರೆ ಬಾಗಿಲನ್ನು. ನರದ ತುದಿಯಿಂದ ಬರುವ ಅಸಿಟೈಲ್‌ಕೋಲಿನ್ ಅಂಟಿಕೊಂಡರೆ ತೆರೆಯುವ ಚಾನಲ್ ಅದು, ವೋಲ್ಟೇಜ್‌ಗೆ ಕಿವಿಗೊಡುವುದಿಲ್ಲ. ಔಷಧಿ ಒಳಗೆ ಹೋದ ಒಂದು ನಿಮಿಷದಲ್ಲಿ ರೋಗಿಯ ಮೈಯೆಲ್ಲ ಸಣ್ಣಗೆ ಅದುರುತ್ತೆ. ಆಮೇಲೆ ಪೂರ್ತಿ ಸಡಿಲ. ಔಷಧಿ ಬಿಟ್ಟು ಹೋಗದೆ ಆ ಬಾಗಿಲನ್ನು ತೆರೆದೇ ಇಟ್ಟುಕೊಳ್ಳುತ್ತೆ, ಸುತ್ತಲಿನ ಸೋಡಿಯಂ ಚಾನಲ್‌ಗಳಿಗೆ ಬಿರಡೆ ಬಿದ್ದು ಕೂತಿರುತ್ತೆ. ಪ್ರತಿ ಸಲ ಆ ಅದುರು ನೋಡಿದಾಗ ನನಗೆ ಲ್ಯಾಬಿನ ಕಡ್ಡಿ ನೆನಪಾಗುತ್ತೆ. ನಾವು ಅಷ್ಟು ಜನರ ಮುಂದೆ ಕಪ್ಪೆಗೆ ಮಾಡಿದ್ದು ಹೆಚ್ಚುಕಮ್ಮಿ ಇದನ್ನೇ.

ನನ್ನ ಹತ್ತಿರ ಈಗ ಬರುವ ಹುಡುಗ ಹುಡುಗಿಯರು ನಮಗಿಂತ ಜಾಣರು. ಚಾನಲ್‌ಗಳ ವಿಧ ಕೇಳಿದರೆ ಉಸಿರು ಬಿಡದೆ ಹೇಳುತ್ತಾರೆ: ವೋಲ್ಟೇಜ್‌ಗೆ ತೆರೆಯುವುದು, ರಾಸಾಯನಿಕಕ್ಕೆ ತೆರೆಯುವುದು, ಎಳೆತಕ್ಕೆ ತೆರೆಯುವುದು, ಬಿಸಿಗೆ ತೆರೆಯುವುದು. ಕಿವಿಯೊಳಗಿನ ಕೋಶದ ಕೂದಲು ಬಾಗಿದಾಗ ಎಳೆತಕ್ಕೆ ತೆರೆಯುವ ಚಾನಲ್ ಇಲ್ಲದಿದ್ದರೆ ನನ್ನ ಪ್ರಶ್ನೆಯೇ ಅವರಿಗೆ ಕೇಳುತ್ತಿರಲಿಲ್ಲ, ಅದೂ ಗೊತ್ತು. ಮೆಣಸಿನ ಖಾರವೂ 43 ಡಿಗ್ರಿ ಬಿಸಿಯೂ ತಟ್ಟುವುದು ಒಂದೇ ಬಾಗಿಲನ್ನು, ಅದೂ ಬಾಯಿಪಾಠ. ಆದರೆ ಪೊಟ್ಯಾಸಿಯಂ ಜಾಸ್ತಿಯಾದರೆ ಸ್ನಾಯು ಏಕೆ ಸುಮ್ಮನಾಗುತ್ತೆ ಅಂದರೆ, ನಾಲ್ಕು ಆಯ್ಕೆ ಕೊಡಿ ಸರ್ ಅನ್ನುವ ಮುಖ. ಕಪ್ಪೆ ಕೊಯ್ಯುವುದು ನಿಂತಿದ್ದು ಒಳ್ಳೆಯದೇ ಆಯಿತು, ಅದಕ್ಕೆ ನನ್ನ ತಕರಾರಿಲ್ಲ. ಕಂಪ್ಯೂಟರ್ ಪರದೆಯ ಕಪ್ಪೆಗೆ ತಪ್ಪು ಉಪ್ಪು ಹಾಕಲು ಬರುವುದಿಲ್ಲ. ನನ್ನ ತಕರಾರು ಅಷ್ಟೇ.

ಮೇಷ್ಟ್ರಿಗೆ ಒಂದು ಪ್ರಶ್ನೆ ಕೊನೆಯವರೆಗೂ ಕಾಡಿತ್ತು ಅಂದುಕೊಂಡಿದ್ದೆ. ಸೋಡಿಯಂ ಅಯಾನು ಪೊಟ್ಯಾಸಿಯಂಗಿಂತ ಚಿಕ್ಕದು. ಆದರೂ ಪೊಟ್ಯಾಸಿಯಂ ಚಾನಲ್ ದೊಡ್ಡದಕ್ಕೆ ದಾರಿ ಬಿಟ್ಟು ಚಿಕ್ಕದನ್ನು ತಡೆಯುತ್ತೆ. ಹೇಗೆ? "ಊಹೆ ಇದೆ, ಕಂಡವರಿಲ್ಲ" ಅನ್ನುತ್ತಿದ್ದರು. 1998ರಲ್ಲಿ ರೋಡ್ರಿಕ್ ಮ್ಯಾಕಿನನ್ ತಂಡ ಆ ಚಾನಲ್‌ನ ರಚನೆಯನ್ನೇ ಕಂಡುಹಿಡಿಯಿತು. ಅದೇ ವರ್ಷ ನನಗೆ ಮೇಷ್ಟ್ರಿಂದ ಒಂದು ಕಾರ್ಡ್ ಬಂತು. ಒಕ್ಕಣೆ ಇಲ್ಲ, ಕ್ಷೇಮ ಸಮಾಚಾರ ಇಲ್ಲ. ಒಂದು ಚಿತ್ರ, ಕೆಳಗೆ ಮೂರು ಸಾಲು. "ಅಯಾನು ನೀರು ಹೊದ್ದು ಓಡಾಡುತ್ತೆ. ಚಾನಲ್‌ನ ಆಕ್ಸಿಜನ್‌ಗಳು ಪೊಟ್ಯಾಸಿಯಂಗೆ ಆ ಹೊದಿಕೆಯಷ್ಟೇ ಹಿತವಾಗಿ ಒದಗುತ್ತವೆ, ಅದು ಹೊದಿಕೆ ಬಿಟ್ಟು ಬರುತ್ತೆ. ಸೋಡಿಯಂಗೆ ಅವು ಎಟುಕಲ್ಲ, ಅದು ಯಾಕೆ ಬಿಟ್ಟೀತು?" ಆ ಕಾರ್ಡ್ ಇನ್ನೂ ನನ್ನ ಹತ್ತಿರ ಇದೆ. ಪುನರ್ಮಿಲನದಲ್ಲಿ ತೋರಿಸಿದೆ. ಎಲ್ಲರೂ ಫೋಟೊ ತೆಗೆದುಕೊಂಡರು. ಕಾರ್ಡ್ ನನಗೊಬ್ಬನಿಗೇ ಬಂದಿತ್ತು ಅಂತ ಆಗ ಗೊತ್ತಾಯಿತು. ಬೇಜಾರೇನೂ ಆಗಲಿಲ್ಲ.

ಅವರನ್ನು ಕೊನೆಗೆ ನೋಡಿದ್ದು ಆಪರೇಷನ್ ಟೇಬಲ್ ಮೇಲೆ. ಅಂಗೈಯದೊಂದು ಚಿಕ್ಕ ಆಪರೇಷನ್. ನಾನೇ ಅರಿವಳಿಕೆ ಕೊಡಬೇಕು ಅಂತ ಹಟ ಹಿಡಿದಿದ್ದರಂತೆ. ಕಂಕುಳ ಹತ್ತಿರ ನರಗಳ ಸುತ್ತ ಮರಗಟ್ಟಿಸುವ ಔಷಧಿ ಲಿಗ್ನೊಕೇನ್ ಕೊಟ್ಟೆ. ಸೂಜಿ ಹೊರಗೆ ಬರುವುದಕ್ಕೇ ಕಾದಿದ್ದರು.

"ಇದು ಸೋಡಿಯಂ ಚಾನಲ್ಲನ್ನು ಯಾವ ಕಡೆಯಿಂದ ಮುಚ್ಚುತ್ತೆ?"

"ಒಳಗಿನಿಂದ, ಸರ್."

"ನೀನು ಹಾಕಿದ್ದು ಹೊರಗೆ."

ವಿದ್ಯುದಂಶ ಇಲ್ಲದ ರೂಪದಲ್ಲಿ ಕೊಬ್ಬಿನ ಪೊರೆ ದಾಟುತ್ತೆ, ಒಳಗೆ ಹೋಗಿ ಪ್ರೋಟಾನ್ ಹಿಡಿದುಕೊಳ್ಳುತ್ತೆ, ಆಮೇಲೆ ಒಳಬಾಯಿಯಿಂದ ಚಾನಲ್‌ಗೆ ಹೋಗಿ ಕೂರುತ್ತೆ ಅಂದೆ. ನರ್ಸ್ ನಗು ತಡೆದುಕೊಂಡು ನಿಂತಿದ್ದರು. ಹಾಗಾದರೆ ಹೊರಗಿನಿಂದ ಮುಚ್ಚುವುದು ಯಾವುದು ಅಂದರು ಮೇಷ್ಟ್ರು. ಪಫರ್ ಮೀನಿನ ವಿಷ, ಟೆಟ್ರೊಡೊಟಾಕ್ಸಿನ್ ಅಂದೆ. ತಲೆಯಾಡಿಸಿದರು.

ಸ್ಪಿರಿಟ್ ಹಚ್ಚಿದ ಹತ್ತಿಯನ್ನು ಅವರ ಬೆರಳಿಗೆ ಮುಟ್ಟಿಸಿದೆ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿದರು. "ಮುಟ್ಟಿದ್ದು ಗೊತ್ತಾಗ್ತಿದೆ. ತಣ್ಣಗಿದೆ ಅನ್ನೋದು ಗೊತ್ತಾಗ್ತಿಲ್ಲ. ಚೆನ್ನಾಗಿದೆ ಕಣೋ ಇದು."

"ಹತ್ತಕ್ಕೆ ಎಷ್ಟು ಕೊಡ್ತೀರಿ ಸರ್?"

"ಆರು. ಹೆಬ್ಬೆರಳು ಇನ್ನೂ ಅಲ್ಲಾಡ್ತಿದೆ ನೋಡು."